ಕುರ್ಚಿ ತುಂಬಿತು, ಡಾಕ್ಟರು ಉಳಿಯಲಿಲ್ಲ: ಶ್ರೀನಿವಾಸಪುರ ತಾಲೂಕಿನ ಒಂದು ಪ್ರಕರಣ

ಹಳ್ಳಿಗೆ ಡಾಕ್ಟರು ಯಾಕೆ ಬರುವುದಿಲ್ಲ ಅಂತ ಕೇಳಿದರೆ ಯಾರ ಬಾಯಲ್ಲೂ ಉತ್ತರ ರೆಡಿ ಇರುತ್ತದೆ. ದುಡ್ಡಿನ ಆಸೆ, ಸಿಟಿಯ ಸುಖ, ಸೇವೆ ಮಾಡುವ ಮನಸ್ಸಿಲ್ಲ. ಆರೋಗ್ಯ ಇಲಾಖೆಯಲ್ಲಿ ಬಹಳ ವರ್ಷ ಆಶಾ ಕಾರ್ಯಕರ್ತೆಯರಿಗೆ, ಎಎನ್‌ಎಂ ಅನ್ನುವ ಕಿರಿಯ ಆರೋಗ್ಯ ಸಹಾಯಕಿಯರಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದ ನಾನು ಈ ಮಾತನ್ನು ಕೇಳಿ ಕೇಳಿ ಬೇಸತ್ತಿದ್ದೇನೆ. ಎಲ್ಲ ಡಾಕ್ಟರನ್ನೂ ಒಟ್ಟಿಗೆ ಸೇರಿಸಿ ಮಾತಾಡಿದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಇಲ್ಲಿ ಒಬ್ಬರೇ ಡಾಕ್ಟರ ಕಥೆಯನ್ನು ಮೊದಲಿಂದ ಬರೆಯುತ್ತಿದ್ದೇನೆ. ಅವರ ಜೊತೆ, ಅವರ ತಂದೆಯ ಜೊತೆ, ಅವರೊಂದಿಗೆ ಕೆಲಸ ಮಾಡಿದ ಸ್ಟಾಫ್ ನರ್ಸ್ ಮತ್ತು ಇಬ್ಬರು ಆಶಾ ಕಾರ್ಯಕರ್ತೆಯರ ಜೊತೆ ಕೂತು ಮಾತಾಡಿದ್ದೇನೆ. ಹೆಸರು ಹೇಳುವುದಿಲ್ಲ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಊರಿನವರು ಅವರನ್ನು ಕರೆಯುತ್ತಿದ್ದದ್ದು ಡಾಕ್ಟರಮ್ಮ ಅಂತ. ನಾನೂ ಹಾಗೇ ಕರೆಯುತ್ತೇನೆ.

ಈ ಪ್ರಕರಣವನ್ನೇ ಆರಿಸಿಕೊಳ್ಳಲು ಕಾರಣವಿದೆ. ಹಳ್ಳಿಯಲ್ಲಿ ಉಳಿಯುವ ಡಾಕ್ಟರು ಹೇಗಿರಬೇಕು ಅಂತ ತಿಳಿದವರು ಹೇಳುತ್ತಾರೋ, ಇವರು ಹಾಗೇ ಇದ್ದರು. ಆದರೂ ಹೋದರು.

ಯಾರು ಇವರು

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ಒಂದು ಸಣ್ಣ ಊರಿನವರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಎರಡು ಸೀಮೆಹಸು, ಟೊಮೆಟೊ ಹಾಕುವ ಒಂದೂವರೆ ಎಕರೆ ಜಮೀನು, ಆಗಾಗ ಕೈಕೊಡುವ ಬೋರ್‌ವೆಲ್. ತಂದೆ ಬೆಳಗಿನ ಜಾವ ಡೇರಿಗೆ ಹಾಲು ಹಾಕಿ, ಆಮೇಲೆ ಮಗಳನ್ನು ಸೈಕಲ್ಲಿನಲ್ಲಿ ಬಸ್‌ಸ್ಟಾಪಿಗೆ ಬಿಡುತ್ತಿದ್ದರು.

ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದ್ದರಿಂದ ಗ್ರಾಮೀಣ ಮೀಸಲಾತಿ ಸಿಕ್ಕಿತು. ನಮ್ಮ ರಾಜ್ಯದಲ್ಲಿ ಅದು ಶೇ 15. ಸರ್ಕಾರಿ ಕಾಲೇಜಿನಲ್ಲಿ ಎಂಬಿಬಿಎಸ್ ಸೀಟಾಯಿತು. ಸರ್ಕಾರಿ ಸೀಟು ಅಂದ ಮೇಲೆ ಕೋಟಿಗಟ್ಟಲೆ ಖರ್ಚಿಲ್ಲ. ದೊಡ್ಡ ಸಾಲದ ಹೊರೆಯೂ ಇರಲಿಲ್ಲ. ‘ಹಾಕಿದ ದುಡ್ಡು ವಾಪಸ್ ತೆಗೆಯಬೇಕಲ್ಲ, ಅದಕ್ಕೇ ಸಿಟಿಗೆ ಓಡುತ್ತಾರೆ’ ಅನ್ನುವ ಮಾತು ಖಾಸಗಿ ಕಾಲೇಜಿನಲ್ಲಿ ಓದಿದ ಎಷ್ಟೋ ಮಕ್ಕಳ ವಿಷಯದಲ್ಲಿ ನಿಜ ಇರಬಹುದು. ಇವರ ವಿಷಯದಲ್ಲಿ ಅಲ್ಲ.

ಹಳ್ಳಿಯಲ್ಲಿ ಡಾಕ್ಟರನ್ನು ಉಳಿಸಿಕೊಳ್ಳುವುದು ಹೇಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮಾರ್ಗಸೂಚಿ ಹೊರಡಿಸಿತು. ಹಳ್ಳಿ ಹಿನ್ನೆಲೆಯ ಮಕ್ಕಳನ್ನು ಸೇರಿಸಿಕೊಳ್ಳಿ, ಕಾಲೇಜುಗಳನ್ನು ದೊಡ್ಡ ಊರಿನಿಂದ ಹೊರಗೆ ಕಟ್ಟಿ, ಓದುವಾಗಲೇ ಹಳ್ಳಿಗೆ ಕಳಿಸಿ ಅನ್ನುವುದು ಅದರಲ್ಲಿನ ಮುಖ್ಯ ಸಲಹೆಗಳು. ಡಾಕ್ಟರಮ್ಮ ಈ ಮೂರೂ ಮೆಟ್ಟಿಲು ಹತ್ತಿ ಬಂದವರು. ಅದೇ ಮಾರ್ಗಸೂಚಿಯಲ್ಲಿ ಇನ್ನೂ ಕೆಲವು ಸಲಹೆಗಳಿವೆ: ವಾಸಕ್ಕೆ ಸರಿಯಾದ ಮನೆ, ಭಯವಿಲ್ಲದ ಕೆಲಸದ ಜಾಗ, ಹಿರಿಯರ ಬೆಂಬಲ, ಮುಂದಕ್ಕೆ ಬೆಳೆಯುವ ದಾರಿ. ಮೊದಲ ಮೂರನ್ನು ನಾವು ಅಷ್ಟಿಷ್ಟು ಮಾಡಿದ್ದೇವೆ. ಈ ನಾಲ್ಕನ್ನು ಮುಟ್ಟೇ ಇಲ್ಲ ಅಂತ ಈ ಪ್ರಕರಣ ನೋಡಿದ ಮೇಲೆ ನನಗೆ ಖಾತ್ರಿಯಾಗಿದೆ.

ಹಳ್ಳಿ ಕಡೆಯ ಕಾಲೇಜು, ಬೆಂಗಳೂರಿನ ಪಾಠ

ಅವರು ಓದಿದ ಕಾಲೇಜು ಬೆಂಗಳೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಕಾಗದದ ಮೇಲೆ ಅದು ಸಿಟಿಯ ಹೊರಗಿನ ಕಾಲೇಜು. ಆದರೆ ಮೇಷ್ಟ್ರುಗಳಲ್ಲಿ ಜಾಸ್ತಿ ಜನ ಬೆಂಗಳೂರಿನವರು. ಬೆಳಿಗ್ಗೆ ಬಂದು, ಸಂಜೆ ನಾಲ್ಕೂವರೆಗೆ ಬ್ಯಾಗ್ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು.

‘ನಾವು ದಿನಾ ಅದನ್ನೇ ನೋಡ್ತಿದ್ವಿ. ಒಳ್ಳೆ ಡಾಕ್ಟರು ಅಂದ್ರೆ ಸಂಜೆ ಬೆಂಗಳೂರಿಗೆ ಹೋಗೋರು. ಯಾರೂ ಹಾಗಂತ ಹೇಳ್ಕೊಡಲಿಲ್ಲ, ನಾವೇ ಕಲಿತ್ವಿ’ ಅಂದರು ಡಾಕ್ಟರಮ್ಮ.

ಇದು ನಮ್ಮ ಸೀಮೆಗೇ ಇರುವ ಒಂದು ಸಮಸ್ಯೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಬೆಂಗಳೂರಿನಿಂದ ಒಂದೂವರೆ, ಎರಡು ಗಂಟೆಯ ದಾರಿ. ಬೀದರಿಗೋ ಕಾರವಾರಕ್ಕೋ ಕೆಲಸಕ್ಕೆ ಹೋದವರು ಅಲ್ಲೇ ಮನೆ ಮಾಡಲೇಬೇಕು. ಇಲ್ಲಿ ಆ ಅಗತ್ಯವೇ ಇಲ್ಲ. ಮೇಷ್ಟ್ರು, ತಜ್ಞ ವೈದ್ಯರು, ಆಫೀಸರು ಎಲ್ಲರೂ ಹೋಗಿ ಬರುತ್ತಾರೆ. ಬಂಗಾರಪೇಟೆ, ಕೆಜಿಎಫ್ ಕಡೆಯಿಂದ ಬೆಳಿಗ್ಗೆ ಬೆಂಗಳೂರಿಗೆ ಹೋಗುವ ರೈಲುಗಳಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ. ಇಲ್ಲಿನವರು ದುಡಿಯಲು ಅತ್ತ ಹೋದರೆ, ಅಲ್ಲಿನ ಡಾಕ್ಟರು ದುಡಿಯಲು ಇತ್ತ ಬರುತ್ತಾರೆ. ಸಂಜೆಯಾದರೆ ಇಬ್ಬರೂ ಅವರವರ ಮನೆಗೆ. ರಾತ್ರಿ ಹೊತ್ತಿನಲ್ಲಿ ಜಿಲ್ಲೆಯಲ್ಲಿ ಉಳಿಯುವುದು ಕಾಯಿಲೆ ಬಿದ್ದವರು, ಅವರ ಮನೆಯವರು, ಅವರ ಜೊತೆ ಒಬ್ಬ ಕಿರಿಯ ಡಾಕ್ಟರು.

ಓದುವಾಗ ಹಳ್ಳಿಗೆ ಕಳಿಸಿದ್ದೇನೋ ನಿಜ. ಕಮ್ಯುನಿಟಿ ಮೆಡಿಸಿನ್ ಪೋಸ್ಟಿಂಗ್ ಅಂತ ಕಾಲೇಜು ಬಸ್ಸು ಬೆಳಿಗ್ಗೆ ಒಂಬತ್ತೂವರೆಗೆ ಹೊರಟು ಊಟದ ಹೊತ್ತಿಗೆ ವಾಪಸ್. ಮನೆಮನೆಗೆ ಹೋಗಿ ಫಾರಂ ತುಂಬುವುದು. ಕಕ್ಕಸು ಇದೆಯಾ, ಎಷ್ಟು ಜನ, ಯಾವ ಒಲೆ. ಹಳ್ಳಿಯಲ್ಲೇ ಹುಟ್ಟಿದ ಹುಡುಗಿಗೆ ಅದರಲ್ಲಿ ಹೊಸದು ಏನಿತ್ತು? ಹಳ್ಳಿಯ ಆಸ್ಪತ್ರೆಯಲ್ಲಿ ರಾತ್ರಿ ಒಬ್ಬರೇ ಇದ್ದಾಗ ಏನು ಮಾಡಬೇಕು ಅನ್ನುವುದನ್ನು ಯಾರೂ ಕಲಿಸಲಿಲ್ಲ. ಇಂಟರ್ನ್‌ಶಿಪ್‌ನಲ್ಲೂ ರಕ್ತ ಎಳೆಯುವುದು, ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡುವುದು, ಡಿಸ್‌ಚಾರ್ಜ್ ಚೀಟಿ ಬರೆಯುವುದೇ ಕೆಲಸ. ಏನು ಮಾಡಬೇಕು ಅಂತ ತೀರ್ಮಾನ ಮಾಡುತ್ತಿದ್ದವರು ಪಿಜಿಗಳು, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳು. ಅವರ ಮೇಲೆ ಯೂನಿಟ್ ಚೀಫ್.

ಇದು ಇವತ್ತಿನ ದೂರೂ ಅಲ್ಲ. ಮೆಡಿಕಲ್ ಕಾಲೇಜುಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಜೊತೆ ಸೇರಿ ಕಲಿಸಬೇಕು ಅಂತ 1977ರಲ್ಲೇ ಕೇಂದ್ರ ಸರ್ಕಾರ ರೋಮ್ ಅನ್ನುವ ಯೋಜನೆ ತಂದಿತ್ತು. ಬಸ್ಸುಗಳು ಬಂದವು. ಆದರೆ ಮೇಷ್ಟ್ರುಗಳು ಹಳ್ಳಿಯ ಆಸ್ಪತ್ರೆಯಲ್ಲಿ ಕೂತು ರೋಗಿ ನೋಡುತ್ತಾ ಕಲಿಸುವುದು ಬರಲೇ ಇಲ್ಲ. ಈಗ ಎಂಬಿಬಿಎಸ್ ಮಕ್ಕಳು ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ನೋಡಿಕೊಳ್ಳುವ ಕಾರ್ಯಕ್ರಮವೂ ಬಂದಿದೆ. ಒಳ್ಳೆಯದೇ. ಆದರೆ ಅದೂ ಮನೆ ಭೇಟಿಯೇ ಹೊರತು ವೈದ್ಯಕೀಯವಲ್ಲ.

ಆ ಒಂದು ವರ್ಷ

ಕರ್ನಾಟಕದಲ್ಲಿ ಕಡ್ಡಾಯ ಸೇವೆಯ ಕಾನೂನಿದೆ. 2012ರ ಹೆಸರಿನಲ್ಲಿದ್ದರೂ ಅದು ಜಾರಿಗೆ ಬಂದದ್ದು 2015ರಲ್ಲಿ. ಕೋರ್ಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಡಾಕ್ಟರಮ್ಮ ಕೌನ್ಸೆಲಿಂಗ್‌ನಲ್ಲಿ ತಾವಾಗಿಯೇ ಶ್ರೀನಿವಾಸಪುರ ತಾಲೂಕಿನ, ಆಂಧ್ರ ಗಡಿ ಹತ್ತಿರದ ಒಂದು ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಆರಿಸಿಕೊಂಡರು. ಜೊತೆಯವರು ನಕ್ಕರಂತೆ. ಇವರ ಲೆಕ್ಕ ಬೇರೆ. ಅಲ್ಲಿ ತೆಲುಗು ಮಾತಾಡುತ್ತಾರೆ, ಅಪ್ಪನ ಮನೆ ದೂರವಿಲ್ಲ, ಜನ ಗೊತ್ತು.

ಮೊದಲ ತಿಂಗಳುಗಳು ಚೆನ್ನಾಗೇ ಇದ್ದವು. ಪ್ರತಿ ತಿಂಗಳ 9ನೇ ತಾರೀಖು ಗರ್ಭಿಣಿಯರ ತಪಾಸಣೆ. ಮೊದಲೆಲ್ಲ ಬಸುರಿಯರು ತಾಯಿ ಕಾರ್ಡಿಗೆ ಸೀಲು ಹಾಕಿಸಿಕೊಂಡು ಹೊರಟುಬಿಡುತ್ತಿದ್ದರು. ಇವರು ತೆಲುಗಿನಲ್ಲೇ ಮಾತಾಡಿಸಿ, ಅತ್ತೆಯರನ್ನೂ ಒಳಗೆ ಕರೆದು ಕೂರಿಸಿಕೊಂಡು, ಕಾಲಿನ ಬಾವು, ತಲೆನೋವು, ಬಿಪಿ ಒಂದೊಂದನ್ನೂ ಕೇಳುತ್ತಿದ್ದರು. ‘ಆ ಮೇಡಂ ಬಂದ್ಮೇಲೆ ನಾವು ಕರೆಯೋಕೆ ಹೋಗ್ಬೇಕಾಗ್ಲಿಲ್ಲ, ಅವ್ರೇ ಬರೋಕೆ ಶುರು ಮಾಡಿದ್ರು’ ಅಂತ ಒಬ್ಬ ಆಶಾ ಹೇಳಿದರು. ಬಿಪಿ ಮಾತ್ರೆಯನ್ನು ವಾರ ನುಂಗಿ ವಾರ ಬಿಡುತ್ತಿದ್ದ ಮುದುಕರನ್ನು ಗದರಿಸಿ, ರಮಿಸಿ ದಾರಿಗೆ ತಂದರು. ಈ ಭಾಗದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಂಡಿ, ಸೊಂಟ ನೋವು ಅಂತ ಬರುವವರಿಗೆ ಸುಮ್ಮನೆ ನೋವಿನ ಸೂಜಿ ಹಾಕಿ ಕಳಿಸುವ ಬದಲು ಎಲ್ಲಿಯ ನೀರು ಕುಡಿಯುತ್ತೀರಿ ಅಂತ ಕೇಳುತ್ತಿದ್ದರು. ಸೂಜಿ ಹಾಕಲಿಲ್ಲ ಅಂತ ಕೆಲವರು ಬೇಜಾರಾಗಿ ಊರಿನಲ್ಲಿ ಡಿಗ್ರಿ ಇಲ್ಲದೆ ಔಷಧಿ ಕೊಡುವ ಆರ್‌ಎಂಪಿ ಹತ್ತಿರ ಹೋಗಿದ್ದೂ ಉಂಟು.

ಕ್ವಾರ್ಟರ್ಸ್ ಇತ್ತು, ವಾಸಕ್ಕೆ ಆಗುವಂತಿರಲಿಲ್ಲ. ಗೋಡೆ ಬಿರುಕು ಬಿಟ್ಟಿತ್ತು, ಬಚ್ಚಲಿಗೆ ನೀರು ಬರುತ್ತಿರಲಿಲ್ಲ, ಹಿಂದಿನ ಬಾಗಿಲಿನ ಚಿಲಕ ಮುರಿದಿತ್ತು. ಒಬ್ಬ ಹೆಣ್ಣುಮಗಳು ಅಲ್ಲಿ ಒಂಟಿಯಾಗಿ ಮಲಗುವುದು ಹೇಗೆ? ಶ್ರೀನಿವಾಸಪುರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದರು. ರಾತ್ರಿ ಡ್ಯೂಟಿ ಇದ್ದಾಗ ಆಸ್ಪತ್ರೆಯಲ್ಲೇ, ಹೆರಿಗೆ ಕೋಣೆ ಪಕ್ಕದ ಸ್ಟೋರಿನಲ್ಲಿ ಮಂಚ ಹಾಕಿಕೊಂಡು ಮಲಗುತ್ತಿದ್ದರು. ಡಾಕ್ಟರು ಹೆಡ್‌ಕ್ವಾರ್ಟರ್ಸ್‌ನಲ್ಲಿ ಇರಲ್ಲ ಅಂತ ಗ್ರಾಮಸಭೆಯಲ್ಲಿ ದೂರು ಬಂತು. ಚಿಲಕದ ವಿಷಯ ಯಾರೂ ಎತ್ತಲಿಲ್ಲ.

ಮಧ್ಯಾಹ್ನದ ಮೇಲೆ ಪೋರ್ಟಲ್ ಕೆಲಸ. ಗರ್ಭಿಣಿಯರಿಗೆ ಒಂದು, ಟಿಬಿಗೆ ನಿಕ್ಷಯ್, ಬಿಪಿ-ಶುಗರ್‌ಗೆ ಇನ್ನೊಂದು, ಸಾಂಕ್ರಾಮಿಕ ರೋಗಕ್ಕೆ ಮತ್ತೊಂದು. ನೆಟ್‌ವರ್ಕ್ ಇದ್ದಾಗ ವಿಡಿಯೊ ಮೀಟಿಂಗ್. ಇದನ್ನು ಹೆಚ್ಚು ಬರೆಯಲು ಹೋಗುವುದಿಲ್ಲ. ಇಲಾಖೆಯಲ್ಲಿ ಇದ್ದವರಿಗೆಲ್ಲ ಗೊತ್ತಿರುವ ಕಥೆ.

ಮಾವಿನ ತೋಪಿನ ರಾತ್ರಿ

ಮೇ ತಿಂಗಳು, ಮಾವಿನ ಕಾಲ. ತೋಪಿನ ಕಾವಲಿಗೆ ಮಲಗಿದ್ದ ಒಬ್ಬರಿಗೆ ರಾತ್ರಿ ಹಾವು ಕಚ್ಚಿತು. ಮನೆಯವರು ಮೊಣಕಾಲಿನ ಕೆಳಗೆ ಟವೆಲ್ ಬಿಗಿದು, ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಬಂದರು. ಸತ್ತ ಹಾವನ್ನು ರಸಗೊಬ್ಬರದ ಚೀಲದಲ್ಲಿ ಹಾಕಿ ತಂದಿದ್ದರು. ಡಾಕ್ಟರಮ್ಮ ಚೀಲ ಬಿಚ್ಚಿ ನೋಡಿದ ಕೂಡಲೇ ಕೊಳಕುಮಂಡಲ ಅಂದರು. ಅದನ್ನು ಕಾಲೇಜಿನಲ್ಲಿ ಕಲಿತದ್ದಲ್ಲ, ಅಪ್ಪನ ಹೊಲದಲ್ಲಿ ನೋಡಿ ಗೊತ್ತಿತ್ತು.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ವಿಷ ಏರಿದೆಯಾ ಅಂತ ತಿಳಿಯಲು ಹಳ್ಳಿಯಲ್ಲೂ ಮಾಡಬಹುದಾದ ಒಂದು ಪರೀಕ್ಷೆ ಇದೆ. ಎರಡು ಎಂಎಲ್ ರಕ್ತವನ್ನು ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಬಗ್ಗಿಸಿ ನೋಡಬೇಕು. ಹರಿದರೆ ವಿಷ ಏರಿದೆ ಅಂತ. ಟ್ಯೂಬು ಗಾಜಿನದೇ ಆಗಬೇಕು. ಪ್ಲಾಸ್ಟಿಕ್ಕಿನಲ್ಲಿ ಮಾಡಿದರೆ ತಪ್ಪು ಉತ್ತರ ಬರುತ್ತದೆ. ಕೈಗೆ ಸಿಕ್ಕಿದ್ದೆಲ್ಲ ಪ್ಲಾಸ್ಟಿಕ್ ಟ್ಯೂಬು. ಗಾಜಿನವು ಲ್ಯಾಬಿನೊಳಗೆ, ಲ್ಯಾಬಿಗೆ ಬೀಗ. ಲ್ಯಾಬ್ ಟೆಕ್ನಿಷಿಯನ್ ಎರಡು ಪಿಎಚ್‌ಸಿಗೆ ಒಬ್ಬರು, ಅವತ್ತು ಇನ್ನೊಂದು ಕಡೆ. ಫೋನ್ ಮಾಡಿ, ಕೀಲಿ ಯಾವ ಡ್ರಾಯರಿನಲ್ಲಿದೆ ಅಂತ ಕೇಳಿ, ಬೀಗ ತೆಗೆಯುವಷ್ಟರಲ್ಲಿ ವಸಡಿನಿಂದ ರಕ್ತ ಒಸರಲು ಶುರುವಾಗಿತ್ತು. ಟ್ಯೂಬು ಬಗ್ಗಿಸಿದಾಗ ರಕ್ತ ನೀರಿನ ಹಾಗೆ ಹರಿಯಿತು.

ಫ್ರಿಜ್ಜಿನಲ್ಲಿ ಹಾವಿನ ಔಷಧಿ ಹತ್ತು ವೈಲ್ ಇತ್ತು. ಮೊದಲ ಡೋಸಿಗೆ ಸರಿಯಾಗುವಷ್ಟು. ಆದರೆ ಈ ಔಷಧಿಯೇ ಕೆಲವರಿಗೆ ಒಗ್ಗದೆ ಉಸಿರು ಕಟ್ಟಿಸಿಬಿಡಬಹುದು. ಡಾಕ್ಟರಮ್ಮ ಅದನ್ನು ಕೊಡುವುದನ್ನು ನೋಡಿದ್ದರು. ತಾವೇ ಕೈಯಾರೆ, ಪಕ್ಕದಲ್ಲಿ ಯಾರೂ ಇಲ್ಲದೆ, ಎಂದೂ ಕೊಟ್ಟಿರಲಿಲ್ಲ. ‘ಶುರು ಮಾಡ್ಲಾ, ಕೋಲಾರಕ್ಕೆ ಕಳಿಸ್ಲಾ ಅಂತ ಒಬ್ಬರನ್ನ ಕೇಳ್ಬೇಕಿತ್ತು ಅಷ್ಟೇ’ ಅಂದರು. ಜಿಲ್ಲಾ ಕೇಂದ್ರದ ಒಂದು ನಂಬರಿಗೆ ಮಾಡಿದರು, ರಿಂಗ್ ಆಗಿ ಕಟ್ ಆಯಿತು. ಕೊನೆಗೆ ಸಿಕ್ಕಿದ್ದು ಕಾಲೇಜಿನಲ್ಲಿ ಸೀನಿಯರ್ ಆಗಿದ್ದ ಒಬ್ಬರು. ಅವರು ಇದ್ದದ್ದು ಬೆಂಗಳೂರಿನ ಐಸಿಯು ಒಂದರಲ್ಲಿ. ‘ಕಾಯ್ಬೇಡ, ಶುರು ಮಾಡು. ಅಡ್ರಿನಲಿನ್ ಎಳೆದು ಕೈಗೆ ಸಿಗೋ ಹಾಗೆ ಇಟ್ಕೋ’ ಅಂದರು.

ಸಿಸ್ಟರೂ ಇವರೂ ಕೂತು ವೈಲ್‌ಗಳನ್ನು ಒಂದೊಂದಾಗಿ ಕರಗಿಸಿ, ಸಲೈನಿಗೆ ಸೇರಿಸಿ ಡ್ರಿಪ್ ಹಾಕಿದರು. ಸ್ವಲ್ಪ ಹೊತ್ತಿಗೆ ಎದೆ, ಹೊಟ್ಟೆ ಮೇಲೆಲ್ಲ ದದ್ದು ಎದ್ದು, ಆತ ಕೆರೆದುಕೊಳ್ಳಲು ಶುರು ಮಾಡಿದರು. ಡ್ರಿಪ್ ನಿಲ್ಲಿಸಿ, ಎಳೆದಿಟ್ಟಿದ್ದ ಅರ್ಧ ಎಂಎಲ್ ಅಡ್ರಿನಲಿನ್ ತೊಡೆಗೆ ಚುಚ್ಚಿ, ಉಸಿರು ಎಣಿಸುತ್ತಾ ನಿಂತರು. ದದ್ದು ಇಳಿಯಿತು. ಮತ್ತೆ ನಿಧಾನಕ್ಕೆ ಡ್ರಿಪ್ ಬಿಟ್ಟರು. 108 ಬಂತು. ಕಿಡ್ನಿಗೆ ತೊಂದರೆಯಾದರೆ ಡಯಾಲಿಸಿಸ್ ಬೇಕಾಗಬಹುದು, ಹಾಗಾಗಿ ಜಿಲ್ಲಾ ಆಸ್ಪತ್ರೆಗೆ ಕಳಿಸಲೇಬೇಕು. ಜೊತೆಗೆ ಹೋಗೋಣ ಅಂದರೆ ಒಳಗೆ ಒಬ್ಬಳು ಹೆರಿಗೆ ನೋವಿನಲ್ಲಿ. ಒಬ್ಬರೇ ಡಾಕ್ಟರು. ಉಳಿದರು.

ಆತ ಬದುಕಿದರು. ಈಗಲೂ ತೋಪಿನ ಕಾವಲಿಗೆ ಹೋಗುತ್ತಾರೆ.

ಮುಂದೆ ಆದದ್ದನ್ನು ಹೇಳಬೇಕು, ಯಾಕೆಂದರೆ ಡಾಕ್ಟರಮ್ಮ ಹೋದದ್ದು ಆ ರಾತ್ರಿಯಿಂದ ಅಲ್ಲ, ಅದರ ಮಾರನೇ ದಿನದಿಂದ. ಊರಿನ ಮುಖಂಡರೊಬ್ಬರು ಬಂದು, ‘ಇಲ್ಲೇ ನೋಡ್ಕೊಳ್ಳೋಕೆ ಆಗ್ದಿದ್ರೆ ಆಸ್ಪತ್ರೆ ಯಾಕಮ್ಮಾ, ಎಲ್ರನ್ನೂ ಕೋಲಾರಕ್ಕೇ ಕಳಿಸೋದಾದ್ರೆ’ ಅಂದರು. ಮಧ್ಯಾಹ್ನ ಮೇಲಿನ ಕಚೇರಿಯಿಂದ ಫೋನು. ಹೇಗೆ ನಿಭಾಯಿಸಿದಿರಿ ಅಂತ ಕೇಳಲು ಅಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಹತ್ತೂ ವೈಲ್ ಒಬ್ಬರಿಗೇ ಖರ್ಚಾಗಿದೆಯಲ್ಲ, ಯಾಕೆ ಅಂತ. ಇಡೀ ಜಿಲ್ಲೆಯಲ್ಲಿ ಚೆನ್ನಾಗಿ ಮಾಡಿದೆ ಅಂದವರು ಆ ಸ್ಟಾಫ್ ನರ್ಸ್ ಒಬ್ಬರೇ.

ನನ್ನ ಪ್ರಕಾರ ಇಡೀ ಪ್ರಕರಣದ ತಿರುಳು ಇಲ್ಲಿದೆ. ಹೊಸ ಡಾಕ್ಟರು ಬೆಳೆಯುವುದು ಕಷ್ಟದ ರೋಗಿಯನ್ನು ನೋಡಿದ ಮೇಲೆ ಯಾರ ಜೊತೆಗಾದರೂ ಕೂತು ಮಾತಾಡಿದಾಗ. ಇದು ಸರಿ ಮಾಡಿದೆ, ಇಲ್ಲಿ ಐದು ನಿಮಿಷ ಮೊದಲು ಮಾಡಬಹುದಿತ್ತು ಅಂತ ಹೇಳುವ ಒಬ್ಬ ಹಿರಿಯರು ಬೇಕು. ಅಂಥವರು ಇರುವುದು ಬೆಂಗಳೂರಿನಲ್ಲಿ. ಸಿನಿಮಾ, ಮಾಲ್, ಕಾಫಿ ಅಂಗಡಿಗಾಗಿ ಹುಡುಗ ಹುಡುಗಿಯರು ಸಿಟಿಗೆ ಹೋಗುತ್ತಾರೆ ಅಂದುಕೊಂಡಿದ್ದೇವೆ. ಕಲಿಯಲು ಹೋಗುತ್ತಾರೆ, ಜೊತೆಗೆ ಒಬ್ಬರು ಇರಲಿ ಅಂತ ಹೋಗುತ್ತಾರೆ.

1946ರಲ್ಲಿ ಭೋರ್ ಸಮಿತಿ ಮೊದಲ ಹಂತಕ್ಕೆ 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದಕ್ಕೆ ಇಬ್ಬರು ಡಾಕ್ಟರು ಅಂತ ಬರೆದಿತ್ತು. ಈಗ ಬಯಲು ಸೀಮೆಯಲ್ಲಿ 30,000 ಜನರಿಗೆ ಒಂದು ಕೇಂದ್ರ ಅನ್ನುವ ಲೆಕ್ಕ. ಕಟ್ಟಡಗಳು ಹೆಚ್ಚಾದವು. ಆ ಎರಡನೇ ಡಾಕ್ಟರು ಮಾತ್ರ ಬಹಳ ಕಡೆ ಕಾಣೆ.

ಕೆಲವು ತಿಂಗಳ ನಂತರ ಟೊಮೆಟೊ ತೋಟದ ಔಷಧಿ ಕುಡಿದ ಒಬ್ಬ ಹುಡುಗನನ್ನು ತಂದರು. ತುಂಬಾ ತಡವಾಗಿತ್ತು. ಅಟ್ರೋಪಿನ್ ಕೊಡುತ್ತಲೇ ಆಂಬುಲೆನ್ಸಿಗೆ ಹತ್ತಿಸಿದರು. ದಾರಿಯಲ್ಲೇ ಜೀವ ಹೋಯಿತು. ಸಂಬಂಧಿಕರು ವಾಪಸ್ ಬಂದು ಒಪಿಡಿ ಕೋಣೆಯ ಗಾಜು ಒಡೆದರು. ಡಾಕ್ಟರಮ್ಮನ ಮೈ ಮುಟ್ಟಲಿಲ್ಲ, ಆದರೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಕ್ಕಾಗುವುದಿಲ್ಲ. ವೈದ್ಯರ ಮೇಲಿನ ಹಲ್ಲೆ, ಆಸ್ಪತ್ರೆ ಆಸ್ತಿ ನಾಶದ ವಿರುದ್ಧ ನಮ್ಮ ರಾಜ್ಯದಲ್ಲಿ 2009ರಿಂದಲೇ ಕಾನೂನಿದೆ. ದೂರು ಕೊಡಬೇಡಿ, ರಾಜಿ ಮಾಡಿಕೊಳ್ಳಿ ಅಂತಲೇ ಎಲ್ಲರೂ ಹೇಳಿದರು. ಮಗನನ್ನು ಕಳೆದುಕೊಂಡವರ ಮೇಲೆ ಕೇಸು ಹಾಕಲು ಡಾಕ್ಟರಮ್ಮನಿಗೂ ಮನಸ್ಸಿರಲಿಲ್ಲ. ಅವರು ಕೇಳಿದ್ದು, ನಾಳೆ ಬೆಳಿಗ್ಗೆ ಇಲಾಖೆಯಿಂದ ಒಬ್ಬರು ಬಂದು ನನ್ನ ಪಕ್ಕ ಕೂತು ಊರಿನವರ ಜೊತೆ ಮಾತಾಡಿ ಅಂತ. ಯಾರೂ ಬರಲಿಲ್ಲ.

‘ಬರೀ ಎಂಬಿಬಿಎಸ್ಸಾ?’

ಈ ಪ್ರಶ್ನೆಯನ್ನು ಅವರಿಗೆ ಕೇಳದವರಿಲ್ಲ. ರೋಗಿಗಳು ಕೇಳಿದರು, ನೆಂಟರು ಕೇಳಿದರು, ಗಂಡಿನ ಕಡೆಯವರೂ ಕೇಳಿದರು. ಎಂ.ಡಿ. ಇಲ್ಲದ ಡಾಕ್ಟರಿಗೆ ಈಗ ಬೆಲೆ ಕಡಿಮೆ. ಎಂ.ಡಿ. ಬೇಕಾದರೆ ನೀಟ್ ಪಿಜಿ ಬರೆಯಬೇಕು. ಮೂರೂವರೆ ಗಂಟೆಯಲ್ಲಿ 200 ಪ್ರಶ್ನೆ, ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವುದು. ಕೊಳಕುಮಂಡಲ ಕಚ್ಚಿದವರನ್ನು ರಾತ್ರಿ ಬದುಕಿಸಿಕೊಂಡದ್ದಕ್ಕೆ ಅಲ್ಲಿ ಒಂದು ಮಾರ್ಕೂ ಇಲ್ಲ. ಆ ವರ್ಷ ಬೆಂಗಳೂರಿನಲ್ಲಿ ಕೋಚಿಂಗ್ ಸೇರಿ, ಪೇಯಿಂಗ್ ಗೆಸ್ಟ್ ರೂಮಿನಲ್ಲಿ ಕೂತು ಓದಿದವರು ಮುಂದೆ ಹೋದರು. ಇವರು ಸ್ಟೋರಿನ ಮಂಚದ ಮೇಲೆ ಮೊಬೈಲಿನಲ್ಲಿ ಓದಿ ಬರೆದರು. ರ‍್ಯಾಂಕ್ ಬಹಳ ಹಿಂದೆ ಬಂತು.

ಹಳ್ಳಿಯಲ್ಲಿ ದುಡಿದ ಸರ್ಕಾರಿ ಡಾಕ್ಟರಿಗೆ ಪಿಜಿ ಪ್ರವೇಶದಲ್ಲಿ ವರ್ಷಕ್ಕೆ ಶೇ 10ರಂತೆ ಗರಿಷ್ಠ ಶೇ 30ರವರೆಗೆ ಹೆಚ್ಚುವರಿ ಅಂಕ ಕೊಡಬಹುದು ಅಂತ ವೈದ್ಯಕೀಯ ಮಂಡಳಿಯ ನಿಯಮದಲ್ಲೇ ಇತ್ತು. ಸೇವೆಯಲ್ಲಿರುವ ಡಾಕ್ಟರಿಗೆ ರಾಜ್ಯಗಳು ಪಿಜಿ ಸೀಟು ಮೀಸಲಿಡಬಹುದು ಅಂತ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಇವೆಲ್ಲ ಇಲಾಖೆಯಲ್ಲಿ ನೌಕರಿ ಹಿಡಿದು ಕೂತವರಿಗಾಗಿ ಬಂದ ದಾರಿಗಳು. ಒಂದು ವರ್ಷಕ್ಕೆ ಬಂದ ನಮ್ಮ ಡಾಕ್ಟರಮ್ಮನಿಗೆ ಇದರಿಂದ ಏನೂ ದಕ್ಕಲಿಲ್ಲ. ಹಳ್ಳಿಗೆ ಕೊಟ್ಟ ಒಂದು ವರ್ಷ ಅವರ ಪಾಲಿಗೆ ಹಿಂದೆ ಬಿದ್ದ ಒಂದು ವರ್ಷವಾಯಿತು.

ಮದುವೆಯ ವಿಷಯವನ್ನೂ ಮುಚ್ಚಿಡಬೇಕಾಗಿಲ್ಲ. ಈಗ ಎಂಬಿಬಿಎಸ್ ಓದುವವರಲ್ಲಿ ಹೆಚ್ಚುಕಡಿಮೆ ಅರ್ಧ ಹೆಣ್ಣುಮಕ್ಕಳು. ಬಂದ ಸಂಬಂಧಗಳೆಲ್ಲ ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗರದ್ದು. ಅವರ ತಂದೆ ನನ್ನ ಹತ್ತಿರ ನೇರವಾಗಿ ಹೇಳಿದರು: ‘ನನ್ ಮಗ್ಳು ಇಲ್ಲೇ ಇದ್ರೆ ನಂಗೆ ಖುಷಿ ಸ್ವಾಮಿ. ಆದ್ರೆ ಗಾಜು ಒಡೆದ ದಿನ ನಾನೇ ಹೋಗಿ ಕರ್ಕೊಂಡು ಬಂದೆ. ಇನ್ನೊಂದ್ಸಲ ಹಾಗೆ ಹೋಗೋಕೆ ನನ್ ಕೈಲಿ ಆಗಲ್ಲ.’

ಯಾರೂ ಕೇಳಲಿಲ್ಲ

ವರ್ಷ ಮುಗಿಯುತ್ತಾ ಬಂದಾಗ ಆಶಾಗಳು ಕೇಳಿದರಂತೆ, ಇರ್ತೀರಾ ಮೇಡಂ ಅಂತ. ಇಲಾಖೆಯಿಂದ ಒಬ್ಬರೂ ಕೇಳಲಿಲ್ಲ. ದಿನ ಬಂತು, ರಿಲೀವಿಂಗ್ ಆರ್ಡರ್ ಬಂತು. ಸ್ಟಾಕ್ ಒಪ್ಪಿಸಿ, ನೋ ಡ್ಯೂ ಪತ್ರಕ್ಕೆ ಸಹಿ ಹಾಕಿಸಿಕೊಂಡು ಹೊರಟರು. ‘ಕೇಳಿದ್ರೆ ಇರ್ತಿದ್ರಾ?’ ಅಂದೆ. ಸ್ವಲ್ಪ ಯೋಚಿಸಿ, ‘ಕ್ವಾರ್ಟರ್ಸ್ ರಿಪೇರಿ ಮಾಡಿಸ್ತೀವಿ, ಇನ್ನೊಬ್ರನ್ನ ಹಾಕ್ತೀವಿ, ಇನ್ನೊಂದು ವರ್ಷ ಇರಮ್ಮಾ ಅಂದಿದ್ರೆ, ಇರ್ತಿದ್ದೆ ಅನ್ಸುತ್ತೆ’ ಅಂದರು.

ಒತ್ತಾಯದ ಸೇವೆ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ. ಆ ವರ್ಷ ಆ ಗಡಿ ಊರುಗಳಿಗೆ ಒಬ್ಬ ಒಳ್ಳೆಯ ಡಾಕ್ಟರು ಸಿಕ್ಕರು. ಆದರೆ ಅದು ಖಾಲಿ ಕುರ್ಚಿ ತುಂಬುವ ಕಾನೂನು, ಡಾಕ್ಟರನ್ನು ಉಳಿಸಿಕೊಳ್ಳುವ ಕಾನೂನಲ್ಲ. ಈಗ ಖಾಲಿ ಕುರ್ಚಿಗಳೂ ಅಷ್ಟಿಲ್ಲ. ಪಾಸಾಗಿ ಬರುವ ಡಾಕ್ಟರು ಜಾಸ್ತಿ, ಖಾಲಿ ಹುದ್ದೆ ಕಡಿಮೆ ಆದದ್ದರಿಂದ 2023ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ಹುದ್ದೆ ಖಾಲಿ ಇರುವಷ್ಟಕ್ಕೆ ಮಾತ್ರ ಕಡ್ಡಾಯ ಅಂತ ಮಾಡಿದರು. ಪ್ರತಿ ವರ್ಷ ಹೊಸಬರು ಬರುತ್ತಾರೆ, ಊರು, ರೋಗಿ, ರಸ್ತೆ ಎಲ್ಲ ಪರಿಚಯ ಆಗುವ ಹೊತ್ತಿಗೆ ಹೋಗುತ್ತಾರೆ. ಬಿಪಿ ಮಾತ್ರೆ ನುಂಗುವ ಮುದುಕರು ಪ್ರತಿ ವರ್ಷ ತಮ್ಮ ಕಥೆಯನ್ನು ಮೊದಲಿಂದ ಹೇಳುತ್ತಾರೆ.

ಬೇರೆ ಕಡೆ ಇದನ್ನು ಬೇರೆ ರೀತಿ ಮಾಡಿದ್ದಾರೆ. ಜಪಾನಿನ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ 1972ರಲ್ಲಿ ಶುರುವಾಯಿತು. ಪ್ರತಿ ಪ್ರಾಂತ್ಯದಿಂದ ಮಕ್ಕಳನ್ನು ಆರಿಸಿ ಓದಿಸುತ್ತಾರೆ. ಓದಿದವರು ತಮ್ಮ ಪ್ರಾಂತ್ಯಕ್ಕೇ ವಾಪಸ್ ಹೋಗಿ ಸುಮಾರು ಒಂಬತ್ತು ವರ್ಷ ದುಡಿಯಬೇಕು, ಆಗ ಫೀಸು ಕಟ್ಟಬೇಕಾಗಿಲ್ಲ. ಅಷ್ಟು ದೂರ ಯಾಕೆ, ಕೋಲಾರದ ಹೆದ್ದಾರಿಯಲ್ಲಿ ಮುಳಬಾಗಿಲು ದಾಟಿ ಮುಂದೆ ಹೋದರೆ ವೆಲ್ಲೂರು. ನಮ್ಮ ಕಡೆಯವರು ದೊಡ್ಡ ಕಾಯಿಲೆ ಅಂದರೆ ಮೊದಲು ನೆನೆಯುವುದು ಅಲ್ಲಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಆಸ್ಪತ್ರೆಯನ್ನು. ಅಲ್ಲಿ ಚರ್ಚ್ ಸಂಸ್ಥೆಗಳು ಪ್ರಾಯೋಜಿಸಿದ ಸೀಟಿನಲ್ಲಿ ಓದಿದವರು ಎರಡು ವರ್ಷ ಸಣ್ಣ ಊರುಗಳ ಮಿಷನ್ ಆಸ್ಪತ್ರೆಗಳಲ್ಲಿ ಕೆಲಸ ಮಾಡಬೇಕು. ನಮ್ಮ ಕಡ್ಡಾಯ ಸೇವೆಗೂ ಅದಕ್ಕೂ ಇರುವ ವ್ಯತ್ಯಾಸ ವರ್ಷಗಳದ್ದಲ್ಲ. ಆ ಆಸ್ಪತ್ರೆಗಳಲ್ಲಿ ವರ್ಷಾನುಗಟ್ಟಲೆಯಿಂದ ಅಲ್ಲೇ ನೆಲೆಸಿದ ಹಿರಿಯ ಡಾಕ್ಟರು ಇರುತ್ತಾರೆ. ಕಿರಿಯರು ಅವರ ಕೈಕೆಳಗೆ ಕಲಿಯುತ್ತಾರೆ. ಉಳಿಯಬಹುದು ಅನ್ನುವುದನ್ನು ಕಣ್ಣಾರೆ ನೋಡುತ್ತಾರೆ.

ಈಗ

ಡಾಕ್ಟರಮ್ಮ ಮೊದಲು ಹೊಸಕೋಟೆ ಆಚೆ, ಬೆಂಗಳೂರಿನ ಪೂರ್ವ ತುದಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರಾಗಿ ಸೇರಿದರು. ಸಂಬಳ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಬಾಡಿಗೆ ಕಳೆದರೆ ಹಳ್ಳಿಯಲ್ಲಿ ಇದ್ದದ್ದಕ್ಕಿಂತ ಕಡಿಮೆಯೇ ಕೈಗೆ ಸಿಗುತ್ತಿತ್ತು. ಆದರೆ ರಾತ್ರಿ ಅನುಮಾನ ಬಂದರೆ ಕೇಳಲು ಮೇಲಿನ ಮಹಡಿಯಲ್ಲಿ ಒಬ್ಬರು ಇದ್ದರು. ಶಿಫ್ಟ್ ಮುಗಿದರೆ ಓದಲು ಸಮಯ ಇತ್ತು. ಎಲ್ಲಕ್ಕಿಂತ ಬೇಸರದ ಸಂಗತಿ, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ರೋಗಿಗಳು ಹೆದ್ದಾರಿ ಹಿಡಿದು ಅದೇ ಆಸ್ಪತ್ರೆಗೆ ಬರುತ್ತಿದ್ದರು. ಊರಲ್ಲಿ ಬಿಟ್ಟಿಯಾಗಿ ನೋಡಿಸಿಕೊಂಡ ಡಾಕ್ಟರ ಹತ್ತಿರವೇ, ಬಡ್ಡಿಗೆ ಸಾಲ ತಂದು.

ಮುಂದಿನ ಸಲ ಬರೆದ ಪರೀಕ್ಷೆಯಲ್ಲಿ ಸೀಟು ಸಿಕ್ಕಿತು. ಈಗ ಜನರಲ್ ಮೆಡಿಸಿನ್ ಎಂ.ಡಿ. ಓದುತ್ತಿದ್ದಾರೆ. ಮುಗಿದ ಮೇಲೆ ಕೋಲಾರ ಜಿಲ್ಲೆಗೆ ಬರ್ತೀರಾ ಅಂತ ಕೇಳಿದೆ. ಇಲ್ಲ ಅನ್ನಲಿಲ್ಲ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ತಾಲೂಕು ಆಸ್ಪತ್ರೆಯಲ್ಲಿ ಮೆಡಿಸಿನ್‌ಗೆ ಇಬ್ಬರು ಇದ್ದರೆ ಬರುತ್ತಾರೆ, ಒಬ್ಬರೇ ಆದರೆ ಇಲ್ಲ. ಬಾಗಿಲಿಗೆ ಚಿಲಕ ಇರುವ ಮನೆ ಬೇಕು. ಗಲಾಟೆ ಆದಾಗ ಇಲಾಖೆಯವರು ಪಕ್ಕದಲ್ಲಿ ಬಂದು ನಿಲ್ಲಬೇಕು. ಆಮೇಲೆ, ಪಿಎಚ್‌ಸಿಗಳಲ್ಲಿ ಒಂಟಿಯಾಗಿರುವ ಕಿರಿಯ ಡಾಕ್ಟರು ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಮಾಡಬಹುದಾದ ಒಬ್ಬ ತಜ್ಞರು ಜಿಲ್ಲೆಯಲ್ಲಿ ಪಾಳಿ ಪ್ರಕಾರ ಇರಬೇಕು. ‘ಆ ಪಾಳಿಲಿ ನನ್ನನ್ನೂ ಹಾಕ್ಲಿ, ನಾನು ಫೋನ್ ಎತ್ತುತ್ತೀನಿ’ ಅಂದರು.

ಆ ಗಡಿ ಪಿಎಚ್‌ಸಿಯಲ್ಲಿ ಈಗ ಇನ್ನೊಬ್ಬ ಹೊಸ ಡಾಕ್ಟರು ಇದ್ದಾರೆ. ಅವರದೂ ಒಂದು ವರ್ಷವೇ. ಅವರೂ ಅದೇ ಸ್ಟೋರಿನಲ್ಲಿ ಮಲಗುತ್ತಾರೆ. ಎರಡನೇ ಡಾಕ್ಟರ ಹುದ್ದೆಗೆ ಸರ್ಕಾರದ ಮಂಜೂರಾತಿ ಬೇಕು, ಕ್ವಾರ್ಟರ್ಸ್ ರಿಪೇರಿಗೆ ಅನುದಾನ ಬೇಕು, ಪಿಜಿ ನಿಯಮ ದೆಹಲಿ, ಬೆಂಗಳೂರಿನಲ್ಲಿ ಬದಲಾಗಬೇಕು. ರಾತ್ರಿ ಪಾಳಿಯ ಒಂದು ಫೋನ್ ನಂಬರಿಗೆ ಇದ್ಯಾವುದೂ ಬೇಕಾಗಿಲ್ಲ. ಜಿಲ್ಲೆಯಲ್ಲಿ ಈಗ ಇರುವ ತಜ್ಞರ ಒಂದು ಪಟ್ಟಿ ಮಾಡಿ, ವಾರಕ್ಕೆ ಒಬ್ಬರಂತೆ ಹಾಕಿ, ಎಲ್ಲ ಪಿಎಚ್‌ಸಿಗಳ ಗೋಡೆಗೆ ಅಂಟಿಸಿದರೆ ಆಯಿತು. ಮುಂದಿನ ಮಾವಿನ ಕಾಲಕ್ಕೆ ಮೊದಲು ಇದನ್ನು ಮಾಡಿ ಅಂತ ಜಿಲ್ಲೆಯ ಅಧಿಕಾರಿಗಳಿಗೆ ಬರೆದು ಕೊಟ್ಟಿದ್ದೇನೆ.